ಬಾಗಿದ ಕಂಬ

ಜಯನಗರದ ಅಶೋಕಸ್ತಂಭವನ್ನು ಕಾಣದ ಬೆಂಗಳೂರಿನವರು ಇರಲಾರರು. ಆದರೆ ಅದನ್ನು ನಿಂತು ನೋಡಿದವರು ಎಷ್ಟು ಮಂದಿಯೋ ಹೇಳುವುದು ಕಷ್ಟ. ಹಗಲೆಲ್ಲ ವಾಹನಗಳು ಗಾಣದೆತ್ತಿನಂತೆ ಸುತ್ತುವ ಆ ವೃತ್ತದಲ್ಲಿ ತಲೆಯೆತ್ತುವ ಪುರಸೊತ್ತು ಯಾರಿಗಿದೆ? ನನಗುಂಟು. ಉಪಾಧ್ಯಾಯವೃತ್ತಿಯಿಂದ ಬಿಡುಗಡೆ ಹೊಂದಿ ಹನ್ನೆರಡು ವರ್ಷಗಳಾದುವು. ಮುಂಜಾನೆ ಮಾಧವನ್ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ, ಕಂಬದವರೆಗೆ ನಡೆದು, ಅದನ್ನೊಮ್ಮೆ ನೋಡಿ ಹಿಂದಿರುಗುವುದು ನನ್ನ ನಿತ್ಯಕರ್ಮಗಳಲ್ಲಿ ಒಂದು.

ಹೋದ ವರ್ಷ ಮಾಘಮಾಸದ ಒಂದು ಬೆಳಿಗ್ಗೆ ನೋಡುತ್ತೇನೆ, ಕಂಬವು ಬಾಗಿದೆ! ಬುಡ ನೆಟ್ಟಗಿದೆ, ತುದಿಯೂ ನೆಟ್ಟಗಿದೆ. ನಡುವಿನಲ್ಲಿ ಮಾತ್ರ, ಕೊಡವನ್ನು ಸೊಂಟಕ್ಕೇರಿಸಿದ ಹೆಂಗಸಿನಂತೆ, ಒಂದು ಕಡೆಗೆ ವಾಲಿಕೊಂಡಿದೆ. ರಸ್ತೆ ಅಗೆಯುವವರ ಪ್ರತಾಪವೇ ಇರಬೇಕೆಂದು ಮೊದಲು ತೋರಿತು. ನಮ್ಮ ಊರಿನಲ್ಲಿ ಅದಕ್ಕಿಂತ ಹೆಚ್ಚಿನವೂ ಆಗಿವೆ. ಸುತ್ತಲಿದ್ದವರು ಯಾರೂ ಗಾಬರಿಯಾದಂತೆ ಕಾಣಲಿಲ್ಲ. ಕನ್ನಡಕವನ್ನು ತೆಗೆದು ಪಂಚೆಯ ಅಂಚಿನಿಂದ ಒರಸಿ ಹಾಕಿಕೊಂಡೆ. ಬಾಗು ಹೋಗಲಿಲ್ಲ. ಏನೋ ಹೊಳೆದು ಬಲಗಣ್ಣನ್ನು ಮುಚ್ಚಿದೆ; ಕಂಬವು ನೆಟ್ಟಗಾಯಿತು. ಎಡಗಣ್ಣನ್ನು ಮುಚ್ಚಿದೆ, ಬಾಗಿತು. ಬಾಗಿದ್ದು ಕಂಬವಲ್ಲ.

ಮನೆಗೆ ಬಂದು ಯಾರೊಡನೆಯೂ ಮಾತೆತ್ತಲಿಲ್ಲ. ಐದು ವಾರ ಎತ್ತಲಿಲ್ಲ. ವಿದ್ಯಾವಂತನಾದವನು ಹೀಗೆ ಮಾಡಬಹುದೆ ಎಂದು ವಾಚಕರು ಕೇಳಿದರೆ ಅವರದು ನ್ಯಾಯವಾದ ಪ್ರಶ್ನೆ. ಉತ್ತರಕ್ಕಾಗಿ ನಾನು ಸುಮಾರು ಐವತ್ತು ವರ್ಷ ಹಿಂದಕ್ಕೆ, ತೀರ್ಥಹಳ್ಳಿಯ ಸೀಮೆಯ ಒಂದು ಹಳ್ಳಿಗೆ ಹೋಗಬೇಕಾಗುತ್ತದೆ.

೧೯೭೩ರ ಬೇಸಿಗೆ. ನಾನು ಬಿ. ಎ. ಮುಗಿಸಿ ಮನೆಯಲ್ಲಿದ್ದೆ. ಒಂದು ದಿನ ನಮ್ಮ ತಂದೆಯವರು ಜಗಲಿಯಲ್ಲಿ ಕುಳಿತು, “ಬಾಗಿಲುವಾಡ ಸೊಟ್ಟಗಾಗಿದೆ, ಆಚಾರಿಯನ್ನು ಕರೆಸು” ಎಂದರು. ತಾತನ ಕಾಲದ ಬಾಗಿಲುವಾಡ, ಹೆಬ್ಬಲಸಿನ ಮರದ್ದು. ನಮಗೆ ಯಾರಿಗೂ ಸೊಟ್ಟ ಕಾಣಲಿಲ್ಲ. ಅವರು ಬಿಡಲಿಲ್ಲ. ಆಚಾರಿ ಬಂದು ನೂಲಿಗೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿ, “ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಅಯ್ಯನೋರೆ” ಎಂದ. ತಂದೆಯವರು ಆ ನೂಲನ್ನೇ ಬಹಳ ಹೊತ್ತು ನೋಡಿ, “ನಿನ್ನ ನೂಲೂ ಸೊಟ್ಟಗಿದೆಯಲ್ಲ!” ಎಂದುಬಿಟ್ಟರು. ಅಂಗಳದಲ್ಲಿದ್ದವರೆಲ್ಲ ನಕ್ಕರು. ನಾನು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕೆ. ಅಷ್ಟೇ ಅಲ್ಲ, ಮುಂದೆ ಊರಿನಲ್ಲಿ ಹತ್ತು ಮನೆಗಳಲ್ಲಿ ಇದನ್ನು ಕಥೆಯಾಗಿ ಹೇಳಿ, ತಂದೆಯವರ ಧ್ವನಿಯನ್ನು ಅನುಕರಿಸಿ, ಕೇಳಿದವರನ್ನು ನಗಿಸಿದೆ.

ಅವರು ಮತ್ತೆ ಆ ಮಾತನ್ನು ಎತ್ತಲಿಲ್ಲ. ಎರಡು ವರ್ಷಗಳೊಳಗೆ ಓದುವುದನ್ನು ಬಿಟ್ಟರು. ಎದುರಿಗೆ ಬಂದವರ ಮುಖವನ್ನು ನೇರವಾಗಿ ನೋಡದೆ, ಕತ್ತನ್ನು ಓರೆ ಮಾಡಿ, ಪಕ್ಕದಿಂದ ನೋಡತೊಡಗಿದರು. ವಯಸ್ಸಾದ ಮೇಲೆ ಜಂಬ ಬಂದಿದೆಯೆಂದು ಊರಿನವರು ಆಡಿಕೊಂಡರು. ನಡೆದಾಡುವುದಕ್ಕೆ ತೊಂದರೆಯಿರಲಿಲ್ಲವಾದ್ದರಿಂದ ಕಣ್ಣು ಹೋಗಿದೆಯೆಂದು ನಮಗೆ ಹೊಳೆಯಲೇ ಇಲ್ಲ. ಹೊಳೆದಾಗ ಪೊರೆ ಬಂದಿರಬೇಕೆಂದುಕೊಂಡೆವು. ದೃಷ್ಟಿಯ ಅಂಚು ಉಳಿದು ನಡು ಮಾತ್ರ ಹೋಗುವ ರೋಗವೊಂದುಂಟೆಂಬುದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವರು ತೀರಿಕೊಂಡದ್ದು ೧೯೭೯ರಲ್ಲಿ.

ಕಂಬವು ಬಾಗಿದ ದಿನ ನನಗೆ ಆ ನೂಲಿನ ನೆನಪಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಹೇಳಿಕೊಂಡರೆ ಮನೆಯವರು ನಗುವರೆಂಬ ಭಯವಲ್ಲ. ನಗಲಿ ಎಂದೇ ಇತ್ತೆಂದರೆ ನಂಬುವಿರೋ ಇಲ್ಲವೋ. ಯಾವುದೋ ಒಂದು ಲೆಕ್ಕ ತೀರುತ್ತಿದೆಯೆಂಬ ಮೂಢ ಭಾವನೆಯಿಂದ ಸುಮ್ಮನಿದ್ದೆ. ಹೀಗೆ ಕಳೆದ ಐದು ವಾರಗಳಿಗೆ ನನ್ನ ಕಣ್ಣು ತೆತ್ತ ಬೆಲೆ ಸ್ವಲ್ಪವಲ್ಲವೆಂದು ಆಮೇಲೆ ವೈದ್ಯರು ಹೇಳಿದರು.

ಗುಟ್ಟು ರಟ್ಟಾದದ್ದು ಪತ್ರಿಕೆಯಿಂದ. ಬೆಳಗಿನ ಕಾಫಿಯ ಹೊತ್ತಿಗೆ ನನ್ನಾಕೆಗೆ ಸುದ್ದಿಗಳನ್ನು ಓದಿ ಹೇಳುವುದು ವಾಡಿಕೆ. ಅಂದು ಪದಗಳ ನಡುವಿನ ಅಕ್ಷರಗಳು ಕಾಣದೆ ಊಹೆಯಿಂದ ತುಂಬಿಸಿಕೊಂಡು ಓದುತ್ತಿದ್ದೆ. ಮಂತ್ರಿಯೊಬ್ಬರ ಊರು ಬೇರೆಯಾಯಿತು. “ಆ ಊರು ಅವರದ್ದಲ್ಲವಲ್ಲ, ಸರಿಯಾಗಿ ನೋಡಿ ಓದಿ” ಎಂದಳು. ನೋಡಿದೆ. ಓದಲಾಗಲಿಲ್ಲ. ಆಕೆ ಒಂದು ಮಾತನ್ನೂ ಆಡದೆ ಒಳಗೆ ಹೋಗಿ ನನ್ನ ತಂಗಿಯ ಮಗಳಿಗೆ ಫೋನು ಮಾಡಿದಳು.

ಈ ಹುಡುಗಿಯ ವಿಷಯವನ್ನು ಸ್ವಲ್ಪ ಹೇಳಬೇಕು. ರಸಾಯನಶಾಸ್ತ್ರದಲ್ಲಿ ಎಂ. ಎಸ್‌ಸಿ. ಮಾಡಿ, ಈಗ ನಗರದ ಒಂದು ಸಂಶೋಧನಾಲಯದಲ್ಲಿ ನಾಲ್ಕು ವರ್ಷಗಳಿಂದ ಬಣ್ಣಗಳನ್ನು ತಯಾರಿಸುತ್ತಿದ್ದಾಳೆ. ಬಟ್ಟೆಗೆ ಹಾಕುವ ಬಣ್ಣವಲ್ಲ, ಗೋಡೆಗೆ ಬಳಿಯುವುದೂ ಅಲ್ಲ. ಕಣ್ಣಿಗೆ ಕಾಣದ ಬಣ್ಣ! ಹಬ್ಬಕ್ಕೆ ಬಂದಾಗಲೆಲ್ಲ ನಾನು ಅವಳನ್ನು “ಏನಮ್ಮ ಬಣ್ಣಗಾರ್ತಿ, ಕಾಣದ ಬಣ್ಣ ಎಷ್ಟು ಮೊಳ ಅದ್ದಿದೆ?” ಎಂದು ರೇಗಿಸುತ್ತಿದ್ದೆ. ನಗಿಸುವ ಚಪಲ ನನಗೆ ಹುಟ್ಟಿನಿಂದ ಬಂದದ್ದು. ಅದರ ಇನ್ನೊಂದು ಕಥೆಯನ್ನು ಈಗತಾನೆ ಹೇಳಿದ್ದೇನೆ.

ಅವಳು ಬಂದವಳೇ ಮೊಮ್ಮಗನ ಗಣಿತದ ಚೌಕುಳಿ ಪುಸ್ತಕವನ್ನು ತೆಗೆದುಕೊಂಡು, ಹಾಳೆಯ ನಡುವೆ ಒಂದು ಚುಕ್ಕಿಯಿಟ್ಟು, “ಮಾವ, ಎಡಗಣ್ಣು ಮುಚ್ಚಿಕೊಂಡು ಈ ಚುಕ್ಕಿಯನ್ನೇ ನೋಡಿ. ಗೆರೆಗಳು ನೇರವಾಗಿವೆಯೆ?” ಎಂದಳು. “ಚುಕ್ಕಿ ಎಲ್ಲಿದೆ?” ಎಂದೆ. ಅವಳ ಮುಖ ಚಿಕ್ಕದಾಯಿತು. ಮಧ್ಯಾಹ್ನದೊಳಗೆ ನಾನು ದಕ್ಷಿಣ ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯಲ್ಲಿದ್ದೆ.

ವೈದ್ಯರು ಅಕ್ಷಿಪಟಲದ ಕೆಳಗೆ ರಕ್ತ ಸೋರಿದೆಯೆಂದೂ, ಸೋರುವ ಬಾಯಿ ಎಲ್ಲಿದೆಯೆಂಬುದನ್ನು ತಿಳಿಯಲು ಎರಡು ವರ್ಣದ್ರವ್ಯಗಳನ್ನು ರಕ್ತಕ್ಕೆ ಸೇರಿಸಿ ಕಣ್ಣಿನ ಚಿತ್ರ ತೆಗೆಯಬೇಕೆಂದೂ ಹೇಳಿದರು. ದಾದಿಯು ಅಯೋಡಿನ್ ಮೈಗೆ ಆಗದೆ ಹೋದದ್ದುಂಟೆ ಎಂದು ಎರಡು ಸಲ ಕೇಳಿ ಬರೆದುಕೊಂಡಳು. ಮೊದಲನೆಯ ಬಣ್ಣ ಫ್ಲೂರೊಸೀನ್. ಜರ್ಮನಿಯ ಬೇಯರ್ ಎಂಬ ರಸಾಯನಜ್ಞರು ೧೮೭೧ರಲ್ಲಿ ತಯಾರಿಸಿದ್ದು. ನೀಲಿ ಬೆಳಕನ್ನು ಕುಡಿದು ಹಸುರು ಬೆಳಕನ್ನು ಕೊಡುತ್ತದೆ. ತೋಳಿಗೆ ಚುಚ್ಚಿದ ಕೆಲವು ಕ್ಷಣಗಳಲ್ಲಿ ಹೊಟ್ಟೆ ತೊಳಸಿದಂತಾಯಿತು. ಸಂಜೆಯವರೆಗೆ ಮೈಯೆಲ್ಲ ಅರಿಸಿನಶಾಸ್ತ್ರ ಮಾಡಿಸಿಕೊಂಡ ಮದುವಣಿಗನಂತಾಗಿತ್ತು. ಎರಡನೆಯದು ಇಂಡೋಸಯನೀನ್ ಗ್ರೀನ್. ಬಾಟಲಿಯೊಳಗೆ ಕಡುಹಸುರು ಪುಡಿ, ಇಪ್ಪತ್ತೈದೇ ಮಿಲಿಗ್ರಾಂ. ಆಗತಾನೆ ನೀರಿನಲ್ಲಿ ಕಲಸಿ ಚುಚ್ಚಿದರು. ಇದರಿಂದ ನನಗೆ ಏನೂ ಆಗಲಿಲ್ಲ, ಏನೂ ಕಾಣಲಿಲ್ಲ. ಯಂತ್ರದೊಳಗೆ ಕತ್ತಲೆಗೆ ಸಮೀಪವಾದ ಕೆಂಪು ಮಿಣುಕು. ಅರ್ಧ ಗಂಟೆ ಗಲ್ಲವೂರಿ ಕುಳಿತಿದ್ದೆ. ಪಕ್ಕದ ಪರದೆಯ ಮೇಲೆ ಮಾತ್ರ, ಎಡಗಣ್ಣಿನ ಮೂಲೆಯಿಂದ, ನನ್ನ ಬಲಗಣ್ಣಿನ ಒಳಗನ್ನು ಕಂಡೆ: ಮಳೆಗಾಲದಲ್ಲಿ ಆಗುಂಬೆಯ ಘಟ್ಟದ ಮೇಲಿನಿಂದ ನೋಡಿದ ಹಳ್ಳಕೊಳ್ಳಗಳಂತೆ ಬೆಳ್ಳಗೆ ಹೊಳೆಯುವ ನಾಳಗಳು, ಅವುಗಳಲ್ಲೊಂದರ ತುದಿಯಲ್ಲಿ ಮೂರು ದುಂಡು ಮಣಿಗಳು.

“ಅವೇ ಮಾವ, ಅವೇ” ಎಂದಳು ಹಿಂದೆ ನಿಂತಿದ್ದ ನನ್ನ ಬಣ್ಣಗಾರ್ತಿ. ಅವಳು ನಾಲ್ಕು ವರ್ಷಗಳಿಂದ ಈ ಕುಲದ ಬಣ್ಣಗಳನ್ನು ಗಾಜಿನ ನಳಿಗೆಗಳಲ್ಲಿ ಕಂಡಿದ್ದಳೇ ಹೊರತು ಮನುಷ್ಯನೊಳಗೆ ಹೊಳೆಯುವುದನ್ನು ನೋಡಿರಲಿಲ್ಲ. ಧ್ವನಿ ನಡುಗುತ್ತಿತ್ತು. ಸಂತೋಷಕ್ಕೋ ದುಃಖಕ್ಕೋ ನಾನು ಕೇಳಲಿಲ್ಲ.

ಆ ರಾತ್ರಿ ನಿದ್ರೆ ಬಾರದೆ ಅವಳನ್ನು ಕೂರಿಸಿಕೊಂಡು ಪಾಠ ಹೇಳಿಸಿಕೊಂಡೆ. ಅವಳು ಮೊದಲು ಕೇಳಿದ್ದು, “ದೊಡ್ಡಜ್ಜಿಯ ಹೊನ್ನೆಯ ಲೋಟ ನೆನಪಿದೆಯೆ?” ಎಂದು. ನೆನಪಿಲ್ಲದೆ! ನಮ್ಮ ದೊಡ್ಡಮ್ಮ ಸಕ್ಕರೆ ಕಾಯಿಲೆಗೆಂದು ಹೊನ್ನೆಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುತ್ತಿದ್ದರು. ಕಾಯಿಲೆಗೆ ಏನಾಯಿತೋ ಆ ಮಾತು ಬೇರೆ. ನೀರು ಚಹದ ಬಣ್ಣಕ್ಕೆ ತಿರುಗಿರುತ್ತಿತ್ತು. ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದರೆ ನವಿಲುಗರಿಯ ನೀಲಿ ಅಂಚೊಂದು ಮಿನುಗುತ್ತಿತ್ತು. ಮಕ್ಕಳಾದ ನಾವು ಅದನ್ನು ಮಾಯವೆನ್ನುತ್ತಿದ್ದೆವು. ಸ್ಪೇನ್ ದೇಶದ ಮೊನಾರ್ದೆಸ್ ಎಂಬ ವೈದ್ಯರು ೧೫೬೫ರಲ್ಲಿ, ಮೆಕ್ಸಿಕೋ ದೇಶದಿಂದ ಬಂದ ಒಂದು ಮರದ ಚಕ್ಕೆಯು ನೀರಿಗೆ ಇಂಥದೇ ನೀಲಿಯನ್ನು ಕೊಡುವುದನ್ನು ವರ್ಣಿಸಿದ್ದಾರೆ. ಮೂತ್ರಕೋಶದ ರೋಗಗಳಿಗೆ ಒಳ್ಳೆಯದೆಂದು ಯೂರೋಪಿನ ಸಿರಿವಂತರು ಆ ಮರದ ಬಟ್ಟಲುಗಳಿಗೆ ಮುಗಿಬಿದ್ದರಂತೆ. ನಮ್ಮ ಹೊನ್ನೆಯ ಹತ್ತಿರದ ದಾಯಾದಿಯಾದ ಫಿಲಿಪೈನ್ಸ್ ದ್ವೀಪಗಳ ಮರದಿಂದಲೂ ಅಂಥ ಬಟ್ಟಲುಗಳು ಆಗುತ್ತಿದ್ದುವು. ಈ ಗುಣಕ್ಕೆ ಇಂಗ್ಲೆಂಡಿನ ಸ್ಟೋಕ್ಸ್ ೧೮೫೨ರಲ್ಲಿ ಹೆಸರಿಟ್ಟರು. ಕನ್ನಡದಲ್ಲಿ ಪ್ರತಿದೀಪ್ತಿ ಎನ್ನುತ್ತೇವೆ. ಹಣ ಬದಲಾಯಿಸುವ ಸಾಹುಕಾರನು ವಟ್ಟ ಮುರಿದುಕೊಂಡು ಉಳಿದದ್ದನ್ನು ಕೊಡುವಂತೆ, ಈ ವಸ್ತುಗಳು ತಾವು ಪಡೆದ ಬೆಳಕಿನ ಶಕ್ತಿಯಲ್ಲಿ ಸ್ವಲ್ಪವನ್ನು ಇಟ್ಟುಕೊಂಡು ಉಳಿದುದನ್ನು ಹಿಂದಿರುಗಿಸುತ್ತವೆ. ಶಕ್ತಿ ಕಡಿಮೆಯಾದುದರಿಂದ ಬಣ್ಣ ಬೇರೆಯಾಗುತ್ತದೆ.

“ಹಾಗಾದರೆ ಕಾಣದ ಬೆಳಕೇಕೆ? ಕಾಣುವ ಬೆಳಕಿಗೆ ಬರಗಾಲವೆ?” ಎಂದೆ.

ಅವಳು ದೀಪವನ್ನು ಆರಿಸಿ, ಟಾರ್ಚನ್ನು ತನ್ನ ಅಂಗೈಗೆ ಒತ್ತಿ ಹಿಡಿದಳು. ಬೆರಳ ಸಂದುಗಳು ಕೆಂಡದಂತಾದುವು. ಬಿಳಿ ಬೆಳಕಿನಲ್ಲಿ ನೀಲಿಯನ್ನೂ ಹಸುರನ್ನೂ ರಕ್ತವು ನುಂಗಿಬಿಡುತ್ತದೆ. ಕೆಂಪು ಮಾತ್ರ ತೂರಿ ಬರುತ್ತದೆ. ಕೆಂಪಿನ ಆಚೆಗಿನದು ಇನ್ನೂ ಸುಲಭವಾಗಿ ತೂರುತ್ತದೆ. ಆ ಆಚೆಯ ಬೆಳಕನ್ನು ೧೮೦೦ರಲ್ಲಿ ವಿಲಿಯಂ ಹರ್ಷಲ್ ಕಂಡುಹಿಡಿದರು. ಕಂಡರೆನ್ನುವುದಕ್ಕಿಂತ, ಪಟ್ಟಕದಿಂದ ಬಿದ್ದ ಕಾಮನಬಿಲ್ಲಿನ ಹೊರಗೆ ಉಷ್ಣಮಾಪಕವನ್ನಿಟ್ಟು, ಪಾದರಸ ಏರಿದುದರಿಂದ ಊಹಿಸಿದರೆನ್ನಬೇಕು. ಸುಮಾರು ೭೦೦ರಿಂದ ೯೦೦ ನ್ಯಾನೋಮೀಟರ್ ಅಲೆಯುದ್ದದ ಈ ಅವಕೆಂಪು ಕಿರಣಗಳನ್ನು ರಕ್ತವೂ ನೀರೂ ಚರ್ಮದ ಕಪ್ಪೂ ಅಷ್ಟಾಗಿ ತಡೆಯುವುದಿಲ್ಲ. ದೇಹವೆಂಬ ಕೋಟೆಗೆ ಇದೊಂದು ದಿಡ್ಡಿಬಾಗಿಲು. ಅಕ್ಷಿಪಟಲದ ಹಿಂದೆ ಕಪ್ಪುವರ್ಣದ ತೆಳುಪದರವೊಂದಿದೆ. ಅದರ ಹಿಂದೆ ರಕ್ತನಾಳಗಳ ದಟ್ಟವಾದ ಹಾಸು. ಮೊದಲನೆಯ ಬಣ್ಣದ ಬೆಳಕು ಆ ಕಪ್ಪು ತೆರೆಯಲ್ಲಿಯೇ ನಿಂತುಹೋಗುತ್ತದೆ. ಮೇಲಾಗಿ ಆ ಬಣ್ಣವು ಹಿಂದಿನ ನಾಳಗಳಿಂದ ಬೇಗನೆ ಸೋರಿ ಎಲ್ಲವನ್ನೂ ಮಸುಕು ಮಾಡುತ್ತದೆ. ಎರಡನೆಯದು ರಕ್ತದ ಪ್ರೋಟೀನುಗಳಿಗೆ ನೂರಕ್ಕೆ ತೊಂಬತ್ತೆಂಟು ಪಾಲು ಅಂಟಿಕೊಂಡು ನಾಳದೊಳಗೇ ಉಳಿಯುತ್ತದೆ; ೮೦೦ ನ್ಯಾನೋಮೀಟರಿನ ಆಸುಪಾಸಿನ ಬೆಳಕನ್ನು ಹೀರಿ, ೮೩೦ರ ಸಮೀಪದಲ್ಲಿ ಹೊರಸೂಸುತ್ತದೆ. ತೆರೆಯ ಹಿಂದೆ ಕುಳಿತಿದ್ದ ನನ್ನ ಮೂರು ಮಣಿಗಳು ಸಿಕ್ಕಿಬಿದ್ದದ್ದು ಹೀಗೆ.

ಈ ಬಣ್ಣಗಳ ವಂಶಾವಳಿಯನ್ನು ಕೇಳಿ ನನಗೆ ನಗು ಬಂತು. ೧೮೫೬ರಲ್ಲಿ ಗ್ರೆವಿಲ್ ವಿಲಿಯಮ್ಸ್ ಎಂಬವರು, ಕ್ವಿನೈನಿನ ನಂಟಿನ ಕ್ವಿನೋಲಿನ್ ಎಂಬ ದ್ರವದಿಂದ ಸೊಗಸಾದ ನೀಲಿಯೊಂದನ್ನು ಪಡೆದರು. ಅದೇ ಸಯನೀನ್. ಪರ್ಕಿನ್ನರು ಕ್ವಿನೈನ್ ಮಾಡಹೋಗಿ ನೇರಳೆಬಣ್ಣ ಮಾಡಿದ್ದೂ ಅದೇ ವರ್ಷವೇ. ಆದರೆ ಪರ್ಕಿನ್ನರ ಬಣ್ಣ ಲೋಕವನ್ನು ಗೆದ್ದಿತು; ವಿಲಿಯಮ್ಸರ ನೀಲಿ ಬಿಸಿಲಿಗೆ ಮಾಸಿಹೋಯಿತು. ಸೀರೆಯಂಗಡಿಯಲ್ಲಿ ನಮ್ಮ ಹೆಂಗಸರು ಕೇಳುವ ಮೊದಲ ಪ್ರಶ್ನೆ, “ಗಟ್ಟಿ ಬಣ್ಣವೇ?” ಎಂದಲ್ಲವೆ? ಆ ಪ್ರಶ್ನೆಗೆ ಸಯನೀನ್ ಉತ್ತರ ಕೊಡಲಾರದೆ ಹೋಯಿತು. ಬೆಳಕಿಗೆ ಇಷ್ಟು ಬೇಗ ಮನಸೋಲುವ ಬಣ್ಣದಿಂದ ಬೆಳಕನ್ನೇ ಹಿಡಿಯಬಹುದೆಂಬುದು ಆಮೇಲೆ ತಿಳಿಯಿತು. ೧೮೭೩ರಲ್ಲಿ ಫೋಗಲ್ ಎಂಬ ಜರ್ಮನ್ ವಿದ್ವಾಂಸರು, ಬಣ್ಣ ಸೇರಿಸಿದರೆ ಛಾಯಾಚಿತ್ರದ ಫಲಕಗಳು ತಾವು ಕುರುಡಾಗಿದ್ದ ವರ್ಣಗಳನ್ನೂ ಕಾಣುತ್ತವೆಂದು ತೋರಿಸಿದರು. ಸಯನೀನ್ ಕುಲದ ಅಣುಗಳಲ್ಲಿ ಎರಡು ತಲೆಗಳ ನಡುವೆ ಇಂಗಾಲದ ಒಂದು ಸರಪಳಿಯಿರುತ್ತದೆ. ಸರಪಳಿಗೆ ಒಂದು ಜೊತೆ ಕೊಂಡಿ ಸೇರಿಸಿದಂತೆಲ್ಲ ಹೀರುವ ಬೆಳಕು ಸುಮಾರು ನೂರು ನ್ಯಾನೋಮೀಟರಿನಷ್ಟು ಕೆಂಪಿನ ಕಡೆಗೆ ಸರಿಯುತ್ತದೆ. ಕೊಂಡಿಗೆ ಕೊಂಡಿ ಸೇರಿಸುತ್ತ ರಸಾಯನಜ್ಞರು ಕೆಂಪನ್ನು ದಾಟಿ ಅವಕೆಂಪಿಗೆ ಇಳಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕೋಡಕ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು ನನ್ನ ರಕ್ತದಲ್ಲಿ ಹರಿದ ಈ ಹಸುರು.

ಅಲ್ಲಿಂದ ಅದು ಆಸ್ಪತ್ರೆಗೆ ಬಂದ ದಾರಿಯೂ ಸ್ವಾರಸ್ಯವಾದದ್ದೇ. ಮೇಯೋ ಆಸ್ಪತ್ರೆಯಲ್ಲಿ ಫಾಕ್ಸ್ ಮತ್ತು ವುಡ್ ಎಂಬವರು ಹೃದಯದಿಂದ ಹೊರಡುವ ರಕ್ತದ ಪ್ರಮಾಣವನ್ನು ಅಳೆಯಲು ಬಣ್ಣವೊಂದನ್ನು ಹುಡುಕುತ್ತಿದ್ದರು. ಪ್ರಾಣವಾಯು ತುಂಬಿದ ರಕ್ತಕ್ಕೂ ಬರಿದಾದ ರಕ್ತಕ್ಕೂ ವರ್ಣ ಬೇರೆ. ಇದರಿಂದ ಅಳತೆ ಕೆಡುತ್ತಿತ್ತು. ೮೦೦ ನ್ಯಾನೋಮೀಟರಿನ ಬಳಿ ಮಾತ್ರ ಎರಡೂ ರಕ್ತಗಳು ಸಮನಾಗಿ ಬೆಳಕನ್ನು ಹೀರುತ್ತವೆ. ಕೋಡಕ್ಕಿನ ಹಸುರು ಸರಿಯಾಗಿ ಅಲ್ಲಿಗೇ ಹೊಂದಿತು. ೧೯೫೭ರಲ್ಲಿ ಅವರು ವರದಿ ಮಾಡಿದರು. ೧೯೫೯ರಲ್ಲಿ ಅಮೆರಿಕದ ಸರಕಾರದ ಒಪ್ಪಿಗೆ ದೊರೆಯಿತು. ಈ ಬಣ್ಣವನ್ನು ಯಕೃತ್ತು ಹಾಗೆಯೇ ಹಿಡಿದು ಪಿತ್ತರಸದೊಡನೆ ಹೊರಹಾಕುತ್ತದೆ. ಮೂರು ನಾಲ್ಕು ನಿಮಿಷಗಳಲ್ಲಿ ರಕ್ತದಲ್ಲಿರುವುದರ ಅರ್ಧ ಖಾಲಿ. ಸೀರೆಯ ಬಣ್ಣ ಬಿಡಬಾರದು, ದೇಹದ ಬಣ್ಣ ಬಿಡಲೇಬೇಕು. ಅಂದಮೇಲೆ ನನ್ನ ಸೊಸೆಯ ಕಸಬಿನಲ್ಲಿ ಒಳ್ಳೆಯ ಬಣ್ಣವೆಂದರೆ ಬಟ್ಟೆಯಂಗಡಿಯಿಂದ ಹೊರದೂಡಿಸಿಕೊಳ್ಳುವ ಬಣ್ಣವೆಂದಾಯಿತು. ಹಾಗೆಂದು ಹೇಳಿದೆ. ಅವಳು ನಗಲಿಲ್ಲ. ಎರಡು ವರ್ಷ ಶ್ರಮಿಸಿ ಮಾಡಿದ ಒಂದು ಬಣ್ಣವನ್ನು ಯಾರೋ ಕಪ್ಪು ಕಾಗದ ಸುತ್ತದೆ ಕಿಟಕಿಯ ಬಳಿ ಇಟ್ಟುದರಿಂದ ಒಂದೇ ಹಗಲಿನಲ್ಲಿ ಬಿಳಿಚಿಹೋಯಿತಂತೆ. ಸರಪಳಿ ಉದ್ದವಾದಷ್ಟೂ ಅಣು ದುರ್ಬಲ; ಬೆಳಕೂ ಗಾಳಿಯೂ ಸೇರಿ ಕಡಿದುಹಾಕುತ್ತವೆ. ಗಟ್ಟಿಯಾಗಿರಬೇಕು, ನೀರಿನಲ್ಲಿ ಕರಗಬೇಕು, ಚೆನ್ನಾಗಿ ಹೊಳೆಯಬೇಕು, ಬೇಕಾದ ಜಾಗಕ್ಕೇ ಹೋಗಿ ಕೂರಬೇಕು, ಕೆಲಸವಾದೊಡನೆ ಹೊರಟುಹೋಗಬೇಕು. ಇಷ್ಟೆಲ್ಲ ಗುಣಗಳುಳ್ಳ ಅಳಿಯನನ್ನೇ ನಾವು ಅವಳಿಗೆ ಹುಡುಕಲಾರದೆ ಇದ್ದೇವೆ.

ನಮ್ಮ ನಗರದಲ್ಲಿಯೇ ಇಂಥ ಕೆಲಸ ನಡೆಯುತ್ತಿರುವುದು ನನಗೆ ಗೊತ್ತಿರಲಿಲ್ಲ. ಉತ್ತರದ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರೂ ಅವರ ಸಂಗಡಿಗರೂ, ಮರೆವಿನ ರೋಗವಾದ ಆಲ್ಜೈಮರಿನಲ್ಲಿ ಮಿದುಳಿನೊಳಗೆ ಕಟ್ಟುವ ಗಂಟುಗಳಿಗೇ ಅಂಟಿ ಅವಕೆಂಪಿನಲ್ಲಿ ಹೊಳೆಯುವ ಅಣುವೊಂದನ್ನು ೨೦೧೭ರಲ್ಲಿ ಪ್ರಕಟಿಸಿದ್ದಾರೆ. ಪ್ರತಿದೀಪ್ತಿಗೂ ಬೆಂಗಳೂರಿಗೂ ಇನ್ನೊಂದು ಹಳೆಯ ನಂಟೂ ಇದೆ. ರಾಮನ್ನರ ಶಿಷ್ಯ ರಾಮನಾಥನ್ ಅವರಿಗೆ ೧೯೨೩ರಲ್ಲಿ ಕಲ್ಕತ್ತೆಯಲ್ಲಿ, ದ್ರವಗಳಿಂದ ಚೆದರಿದ ಬೆಳಕಿನಲ್ಲಿ, ಎಷ್ಟು ಶುದ್ಧಿಮಾಡಿದರೂ ಹೋಗದ ಒಂದು ಕ್ಷೀಣವಾದ ಹೊಳಪು ಕಂಡಿತು, ಕಶ್ಮಲದ ಪ್ರತಿದೀಪ್ತಿಯೆಂದುಕೊಂಡರು. ಐದು ವರ್ಷಗಳ ಮೇಲೆ ಅದು ಬೇರೆಯೇ ಸಂಗತಿಯೆಂದು ಗೊತ್ತಾಗಿ, ೧೯೨೮ರ ಮಾರ್ಚ್ ೧೬ರಂದು ರಾಮನ್ನರು ಬೆಂಗಳೂರಿನಲ್ಲಿಯೇ ಆ ಹೊಸ ಕಿರಣದ ವಿಷಯವಾಗಿ ಉಪನ್ಯಾಸ ಮಾಡಿದರು. ಕಂಡದ್ದನ್ನು ನಂಬುವುದೇ ದೊಡ್ಡ ಕಷ್ಟವೆಂದು ತೋರುತ್ತದೆ.

ಇನ್ನು ನನ್ನ ಲೆಕ್ಕ. ಫ್ಲೂರೊಸೀನಿನಿಂದ ಕಣ್ಣಿನ ಚಿತ್ರ ತೆಗೆಯುವ ಕ್ರಮವನ್ನು ೧೯೬೧ರಲ್ಲಿ ಲೋಕಕ್ಕೆ ತಿಳಿಸಿದವರು ನೊವೊಟ್ನಿ, ಆಲ್ವಿಸ್ ಎಂಬ ಇಬ್ಬರು ವೈದ್ಯಕೀಯ ವಿದ್ಯಾರ್ಥಿಗಳು. ಮೊದಲು ಚಿತ್ರವಾದದ್ದು ಆಲ್ವಿಸನ ಕಣ್ಣೇ. ಹಸುರು ಬಣ್ಣವನ್ನು ಮನುಷ್ಯರ ಕಣ್ಣಿಗೆ ಫ್ಲವರ್, ಹಾಕ್‌ಹೈಮರ್ ಎಂಬವರು ಬಳಸಿದ್ದು ೧೯೭೦ರ ದಶಕದ ಆದಿಯಲ್ಲಿ. ನಮ್ಮ ಜಗಲಿಯಲ್ಲಿ ಆಚಾರಿ ನೂಲು ಇಳಿಬಿಟ್ಟದ್ದು ೧೯೭೩ರಲ್ಲಿ. ನಾಳದ ತುದಿಯಲ್ಲಿ ಮಣಿಗಳಾಗುವ ಈ ರೋಗವನ್ನು ವೈದ್ಯಲೋಕ ಬೇರೆಯಾಗಿ ಗುರುತಿಸಿದ್ದು ೧೯೮೦ರ ದಶಕದಲ್ಲಿ. ಈಗ ನನಗೆ ಕೊಡುತ್ತಿರುವಂಥ ಚುಚ್ಚುಮದ್ದುಗಳು ಬಂದದ್ದು ೨೦೦೦ದ ಈಚೆಗೆ. ತಂದೆಯವರಿಗೂ ಇದೇ ರೋಗವಿದ್ದಿರಬಹುದೆ ಎಂದು ವೈದ್ಯರನ್ನು ಕೇಳಿದೆ. “ಇಂಥದೇ ಯಾವುದೋ ಒಂದು ಇದ್ದೀತು, ಆಗ ತಿಳಿದಿದ್ದರೂ ಮಾಡುವುದೇನೂ ಇರುತ್ತಿರಲಿಲ್ಲ” ಎಂದರು. ನನಗೆ ಸಮಾಧಾನವಾಗಲೆಂದೇ ಹೇಳಿದರು. ಆಗಲಿಲ್ಲ. ಆರು ವರ್ಷ ಅವರು ಯಾರ ಮುಖವನ್ನೂ ಕಾಣದೆ, ಕಾಣದೆಂದು ಹೇಳಿಕೊಳ್ಳಲೂ ಆರದೆ, ಜಂಬಗಾರನೆಂದು ಕರೆಸಿಕೊಂಡು ಬದುಕಿದರು. ಔಷಧವಿರಲಿಲ್ಲವೆಂಬುದು ನಿಜ. ನಗದೆ ಇರುವುದಕ್ಕೆ ಔಷಧವೇನೂ ಬೇಕಿರಲಿಲ್ಲ.

ಈ ಮಾತನ್ನು ನನ್ನ ತಂಗಿಗೂ ಮೊದಲ ಸಲ ಹೇಳಿದೆ. ಅವಳಿಗೆ ಆಗ ಹನ್ನೆರಡು ವರ್ಷ. “ಅಣ್ಣಾ, ನಿನಗೆ ಗೊತ್ತೆ? ಆಚಾರಿ ಹೋದ ಮೇಲೆ ಅಪ್ಪಯ್ಯ ದಿನವೂ ಸಂಜೆ ಬಾಗಿಲುವಾಡವನ್ನು ಕೈಯಿಂದ ಸವರಿ ನೋಡುತ್ತಿದ್ದರು” ಎಂದಳು. ನನಗೆ ಗೊತ್ತಿರಲಿಲ್ಲ.

ಮೂರು ಚುಚ್ಚುಮದ್ದುಗಳಾಗಿವೆ. ಕಣ್ಣಿನೊಳಕ್ಕೆ ಸೂಜಿಯೆಂದರೆ ಕೇಳುವುದಕ್ಕೆ ಭಯಂಕರ. ನಡೆಯುವುದು ಅರೆನಿಮಿಷದ ಕೆಲಸ. ಎರಡನೆಯ ಸಲ ಹಸುರು ಬಣ್ಣ ಹಾಕಿ ನೋಡಿದಾಗ ಮೂರು ಮಣಿಗಳಲ್ಲಿ ಒಂದು ಮಾತ್ರ ಉಳಿದಿತ್ತು. ಚೌಕುಳಿ ಹಾಳೆಯ ಚುಕ್ಕಿ ಈಗ ಮಸುಕಾಗಿ ಕಾಣುತ್ತದೆ. ಪತ್ರಿಕೆಯನ್ನು ನನ್ನಾಕೆ ಓದುತ್ತಾಳೆ. ಮಂತ್ರಿಗಳೆಲ್ಲ ತಂತಮ್ಮ ಊರುಗಳಿಗೆ ಹಿಂದಿರುಗಿದ್ದಾರೆ. ಈ ಪ್ರಬಂಧವನ್ನು ನಾನು ಹೇಳುತ್ತ ಹೋಗಿ ಬಣ್ಣಗಾರ್ತಿಯಿಂದ ಬರೆಸಿದ್ದೇನೆ. ಅಲೆಯುದ್ದದ ಅಂಕಿಗಳಲ್ಲಿ ತಪ್ಪಿದ್ದರೆ ಹೊಣೆ ಅವಳದು.

ಬೆಳಗಿನ ನಡಿಗೆಯನ್ನು ಬಿಟ್ಟಿಲ್ಲ. ಕಂಬದ ಬಳಿಗೆ ಹೋಗಿ ಎಡಗಣ್ಣನ್ನು ಮುಚ್ಚಿ ನಿಲ್ಲುತ್ತೇನೆ. ಬಾಗು ಇನ್ನೂ ಇದೆ, ಮೊದಲಿನಷ್ಟಿಲ್ಲ. ಮುಂದಿನ ತಿಂಗಳ ಮೊದಲ ವಾರ ಮತ್ತೆ ಬರಹೇಳಿದ್ದಾರೆ.